ಅರಕಿಲ್ಲೆಯಿಂದ ಶುರು: ವಿಜಯಪುರದಲ್ಲಿ ಮನೆಮಂದಿಯೊಂದಿಗೆ ಎರಡು ದಿನ

ಮಕ್ಕಳನ್ನು ಕರೆದುಕೊಂಡು ವಿಜಯಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಗೋಳಗುಮ್ಮಟ ಹತ್ತಿ, ಕೂಗಿ, ಇಳಿದು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುತ್ತಾರೆ. ಗುಮ್ಮಟ ನೋಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಬ್ಬ ಬಾದಶಹನ ಗೋರಿ. ಆದಿಲಶಾಹಿಗಳು 1490ರಿಂದ 1686ರವರೆಗೆ ಬಾಳಿ, ದರಬಾರು ನಡೆಸಿ, ನ್ಯಾಯ ಹೇಳಿದ ಮನೆ ಊರಿನ ನಟ್ಟನಡುವೆ ಇದೆ. ಅದೇ ಅರಕಿಲ್ಲೆ, ಅಂದರೆ ಕೋಟೆಯೊಳಗಿನ ಕೋಟೆ. ಅಲ್ಲಿಂದ ಶುರು ಮಾಡಿದರೆ ಆಮೇಲೆ ನೋಡುವ ತೋಪು (ಫಿರಂಗಿ), ಬಾವಡಿ (ಮೆಟ್ಟಿಲುಬಾವಿ), ಗುಮ್ಮಟಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಹಾಗಾಗಿ ಈ ಎರಡು ದಿನದ ತಿರುಗಾಟದಲ್ಲಿ ಮೊದಲ ದಿನ ಪೂರ್ತಿ ಅರಮನೆಗೆ, ಎರಡನೆಯ ದಿನ ಗುಮ್ಮಟಕ್ಕೂ ಪಡುವಣ ದಿಕ್ಕಿನ ಕೋಟೆಗೂ ಮೀಸಲು.

ಶನಿವಾರ, ಭಾನುವಾರ ಆದರೆ ಒಳ್ಳೆಯದು. ಅರಕಿಲ್ಲೆಯ ಒಳಗೆ ಸರ್ಕಾರಿ ಕಚೇರಿಗಳಿವೆ. ಕೆಲಸದ ದಿನ ಅಲ್ಲಿ ಜನ, ಗಾಡಿ, ಗದ್ದಲ ಜಾಸ್ತಿ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಶುಕ್ರವಾರವಂತೂ ಬೇಡ: ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ, ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ದೊಡ್ಡ ನಮಾಜು. ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕರಿಕಲ್ಲಿನ ಕಟ್ಟೆಗಳು ಸಂಜೆ ಐದಾದರೂ ಕಾದೇ ಇರುತ್ತವೆ, ಸಣ್ಣ ಮಕ್ಕಳು ಅಂಗಾಲು ಊರಲಾರವು. ಚಳಿಗಾಲದಲ್ಲೂ ಪ್ರತಿಯೊಬ್ಬರ ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಚಪ್ಪಲಿ ಬಿಟ್ಟು ಹತ್ತಬೇಕಾದ ಕಡೆ ಇದರಷ್ಟು ಉಪಯೋಗಕ್ಕೆ ಬರುವ ವಸ್ತು ಬೇರೆ ಇಲ್ಲ.

ಬುತ್ತಿಯ ವಿಷಯ. ಬಾಗಲಕೋಟೆ ಕಡೆಯಿಂದ ಹೊರಟ ಆರು ಜನರ ಕುಟುಂಬಕ್ಕೆ ಮೊದಲ ಮಧ್ಯಾಹ್ನದ ಊಟ ಮನೆಯಿಂದಲೇ ಒಯ್ಯುವುದು ಸುಲಭ: ಹದಿನೆಂಟು ಇಪ್ಪತ್ತು ಕಟಕ ರೊಟ್ಟಿ, ಕಾಲು ಕಿಲೋ ಶೇಂಗಾ ಹಿಂಡಿ, ಸ್ವಲ್ಪ ಗುರೆಳ್ಳು ಹಿಂಡಿ, ಸೌತೆಕಾಯಿ, ಉಳ್ಳಾಗಡ್ಡಿ. ಎಣ್ಣೆಗಾಯಿಯನ್ನೂ ಮೊಸರು ಕಲಸಿದ ಬುತ್ತಿಯನ್ನೂ ಒಯ್ಯಬೇಡಿ. ಮುಚ್ಚಿದ ಡಬ್ಬಿಯಲ್ಲಿ, ಕಾರಿನ ಕಾವಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ ಹಿಡಿಯುತ್ತವೆ. ಕಟಕ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಅಗಲ ಸ್ಟೀಲ್ ಡಬ್ಬಿಗೆ ಹಾಕಿದರೆ ಪುಡಿಯಾಗುವುದಿಲ್ಲ. ನೀರು ತಲೆಗೆ ಎರಡು ಲೀಟರ್. ಅರಕಿಲ್ಲೆಯ ಕಟ್ಟಡಗಳ ಹತ್ತಿರ ಕುಡಿಯುವ ನೀರು ಸಿಕ್ಕೇ ಸಿಗುತ್ತದೆ ಎಂದು ನೆಚ್ಚಬೇಡಿ.

ಮೊದಲ ದಿನ: ಅರಮನೆಯ ಒಳಗೆ

ಬಾಗಲಕೋಟೆಯಿಂದ ರಸ್ತೆಯಲ್ಲಿ ಬಂದರೆ ಗದ್ದನಕೇರಿ ಕ್ರಾಸ್, ಅನಗವಾಡಿ ಸೇತುವೆ, ಬೀಳಗಿ ಕ್ರಾಸ್, ಆಮೇಲೆ ಕೃಷ್ಣೆಯ ಮೇಲಿನ ಕೊರ್ತಿ-ಕೋಲ್ಹಾರ ಸೇತುವೆ. ಎರಡು ಗಂಟೆ ಹಿಡಿಯಿರಿ. ರೈಲಿನಲ್ಲಿ ಬಂದರೆ ಆಲಮಟ್ಟಿ ದಾಟಿ ಬರುತ್ತೀರಿ. ವಿಜಯಪುರ ನಿಲ್ದಾಣ ಗೋಳಗುಮ್ಮಟದ ಮಗ್ಗುಲಲ್ಲೇ ಇರುವುದರಿಂದ ಇಳಿಯುತ್ತಿದ್ದಂತೆ ಮಕ್ಕಳು ಅತ್ತ ಎಳೆಯುತ್ತಾರೆ. ಮಣಿಯಬೇಡಿ. ಹತ್ತು ಗಂಟೆಯ ಮೇಲೆ ಗುಮ್ಮಟದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತಿರುತ್ತವೆ. ಗುಮ್ಮಟದ ಒಳಸುತ್ತಿನಲ್ಲಿ, ಮೆಲುಮಾತೂ ಎದುರು ಬದಿಗೆ ಕೇಳುವ ಪಿಸುಮಾತಿನ ಮೊಗಸಾಲೆಯಲ್ಲಿ ಆಗ ಪಿಸುಮಾತು ಬಿಟ್ಟು ಉಳಿದೆಲ್ಲ ಕೇಳುತ್ತದೆ. ಅದು ನಾಳೆ ಬೆಳಗಿನ ಕೆಲಸ. ನಿಲ್ದಾಣದ ಹೊರಗೆ ಟಾಂಗಾ ಸಿಕ್ಕರೆ ಹತ್ತಿ. ಟಾಂಗಾದವರ ಹತ್ತಿರ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ, ಬರೀ ಅರಕಿಲ್ಲೆಯವರೆಗೋ, ಕಾದಿದ್ದು ಮುಂದೆ ಬಾರಾ ಕಮಾನದವರೆಗೂ ಬಿಡುವುದೋ ಎಂಬುದನ್ನು ಬಿಡಿಸಿ ಹೇಳಿ. ತಕರಾರು ಹುಟ್ಟುವುದು ಕಾಯುವ ಹೊತ್ತಿನ ದುಡ್ಡಿನ ಮೇಲೆ.

ಅರಕಿಲ್ಲೆ ಹೆಚ್ಚುಕಡಿಮೆ ದುಂಡಗಿದೆ, ಸುತ್ತಳತೆ ಒಂದು ಮೈಲಿಗೆ ತುಸು ಕಡಿಮೆ. ಯೂಸುಫ್ ಆದಿಲ್ ಖಾನ್ ಕೋಟೆ ಕಟ್ಟಿಸಲು ಶುರು ಮಾಡಿದ, ಮುಂದಿನವರು ಬಲಪಡಿಸಿದರು. ಸುತ್ತ ಕಂದಕ. ಗೋಡೆ ಅಲ್ಲಲ್ಲಿ ಬಿದ್ದಿದೆ, ಕಂದಕ ಅಲ್ಲಲ್ಲಿ ತುಂಬಿದೆ, ರಸ್ತೆಗಳು ಒಳಗೆ ಹಾದು ಹೋಗಿವೆ. ಆದ್ದರಿಂದ ಯಾವುದಾದರೊಂದು ರಸ್ತೆಯಿಂದ ಒಳಗೆ ನುಗ್ಗಿದವರಿಗೆ ತಾವು ಕೋಟೆಯೊಳಗೆ ಬಂದದ್ದೇ ಗೊತ್ತಾಗುವುದಿಲ್ಲ. ಕಚೇರಿ, ಮರ, ಮುರುಕು ಗೋಡೆ, ಮತ್ತೆ ಕಚೇರಿ, ಅಷ್ಟೇ ಕಾಣುತ್ತದೆ. ಇದಕ್ಕೆ ಮದ್ದು ಒಂದೇ: ದಕ್ಷಿಣದ ಬಾಗಿಲಿನಿಂದ ಒಳಗೆ ಬನ್ನಿ. ಅರಕಿಲ್ಲೆಯ ಹಳೆಯ ಬಾಗಿಲುಗಳಲ್ಲಿ ಉಳಿದಿರುವುದು ಅದೊಂದೇ. ಗೋಡೆಗೆ ಕೂಡಿಸಿದ ಕಲ್ಲುಗಳನ್ನು ನೋಡುತ್ತ ನಡೆದರೆ ಕೆತ್ತನೆಯ ಕಂಬದ ತುಂಡು, ಹಳೆಯ ಕಟ್ಟಡಗಳ ಕಲ್ಲು ಅಲ್ಲಲ್ಲಿ ಕಾಣಸಿಗುತ್ತವೆ. ಆದಿಲಶಾಹಿಗಳಿಗಿಂತ ಮೊದಲು ಇದು ಕಲ್ಯಾಣದ ಚಾಲುಕ್ಯರ ಕಾಲದ ಊರು ಎಂಬುದಕ್ಕೆ ಗೋಡೆಯೇ ಸಾಕ್ಷಿ.

ಬಾಗಿಲ ಹತ್ತಿರವೇ ಕರೀಮುದ್ದೀನನ ಮಸೀದಿ ಇದೆ, 1320ರದು. ಆದಿಲಶಾಹಿ ಮನೆತನ ಹುಟ್ಟುವುದಕ್ಕೆ ನೂರೆಪ್ಪತ್ತು ವರ್ಷ ಹಿಂದಿನದು. ಗುಮ್ಮಟವಿಲ್ಲ, ಮಿನಾರವಿಲ್ಲ, ದೇವಾಲಯದ ಕಂಬಗಳನ್ನೇ ಸಾಲಾಗಿ ನಿಲ್ಲಿಸಿದ ಚಪ್ಪಟೆ ಮಾಳಿಗೆಯ ಪಡಸಾಲೆ. ಬಾದಾಮಿ, ಐಹೊಳೆ ನೋಡಿದ ಮಕ್ಕಳು ಈ ಕಂಬಗಳ ಗುರುತು ಹಿಡಿಯುತ್ತಾರೆ. ಹತ್ತು ನಿಮಿಷ ಸಾಕು, ಆದರೆ ಬಿಟ್ಟು ಹೋಗಬೇಡಿ. ಮುಂದಿನ ಎರಡು ದಿನ ನೋಡುವ ಕಮಾನುಗಳೆಲ್ಲ ಯಾವ ಕಂಬ-ತೊಲೆಯ ನಾಡಿಗೆ ಬಂದವು ಎಂಬುದು ಇಲ್ಲಿ ಒಂದು ನೋಟಕ್ಕೆ ತಿಳಿಯುತ್ತದೆ.

ಅಲ್ಲಿಂದ ಗಗನ ಮಹಲಿಗೆ. ಇದು ಅರಮನೆಯ ಎದೆ. ಒಂದನೆಯ ಅಲಿ ಆದಿಲಶಹ 1561ರಲ್ಲಿ ಕಟ್ಟಿಸಿದ ದರಬಾರು. ಉತ್ತರಕ್ಕೆ ಮೋರೆ ಮಾಡಿ ಮೂರು ಕಮಾನುಗಳು ನಿಂತಿವೆ. ನಡುವಿನದರ ಅಗಲ 60 ಅಡಿಗೂ ಹೆಚ್ಚು, ಅಕ್ಕಪಕ್ಕದವು ಎತ್ತರದಲ್ಲಿ ಅದಕ್ಕೆ ಸಮ, ಅಗಲದಲ್ಲಿ ಬಹಳ ಕಿರಿದು. ನೇರ ಕಮಾನಿನ ಕೆಳಗೆ ಹೋಗಿ ನಿಂತರೆ ಇದರ ಅಂದಾಜು ಸಿಗುವುದಿಲ್ಲ. ಮೊದಲು ಮುಂದಿನ ಬಯಲಿನ ಆ ತುದಿಗೆ ಹೋಗಿ ತಿರುಗಿ ನೋಡಿ. ಕೆಳಗೆ ಕಮಾನಿನ ನೆರಳಿನಲ್ಲಿ ಬಾದಶಹ, ಎದುರಿನ ಬಯಲಲ್ಲಿ ಜನ, ಕುದುರೆ, ಆನೆ. ನಡುವೆ ಒಂದು ಕಂಬವೂ ಅಡ್ಡ ಬರಬಾರದು ಎಂದೇ ಅಷ್ಟು ಅಗಲ. ಮೇಲಿನ ಅಂತಸ್ತು ರಾಜಪರಿವಾರದ ವಾಸಕ್ಕೆ. ಅಲ್ಲಿಂದ ಹೆಣ್ಣುಮಕ್ಕಳು ದರಬಾರನ್ನೂ ಬಯಲನ್ನೂ ನೋಡಬಹುದಿತ್ತು. ಅಂತಸ್ತುಗಳೂ ಮಾಳಿಗೆಯೂ ಮರದವು, ಈಗ ಒಂದೂ ಇಲ್ಲ. ಗೋಡೆಯಲ್ಲಿ ಸಾಲಾಗಿರುವ ತೊಲೆ ಕೂಡುವ ತೂತುಗಳನ್ನು ಎಣಿಸಿಕೊಂಡು ಹೋದರೆ ನೆಲ ಎಲ್ಲಿತ್ತು, ಅಟ್ಟ ಎಲ್ಲಿತ್ತು ಎಂದು ಮಕ್ಕಳೇ ಲೆಕ್ಕ ಹಾಕಬಲ್ಲರು. ಇದನ್ನು ಅವರಿಗೇ ಬಿಡಿ. ಅರ್ಧ ಗಂಟೆ ಸರಿದದ್ದೇ ಗೊತ್ತಾಗುವುದಿಲ್ಲ.

ಆದಿಲಶಾಹಿಯ ಕೊನೆಯೂ ಇಲ್ಲೇ. ಔರಂಗಜೇಬನ ಸೈನ್ಯ 1685ರ ವಸಂತದಿಂದ ಊರನ್ನು ಮುತ್ತಿ ಕೂತಿತ್ತು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲಶಹ ಶರಣಾದ. ಆಗಿನ್ನೂ ಅವನು ಹದಿಹರೆಯದ ಹುಡುಗ. ಬೆಳ್ಳಿಯ ಸರಪಳಿ ತೊಡಿಸಿ ಅವನನ್ನು ಗಗನ ಮಹಲಿನಲ್ಲಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದರು ಎಂದು ಹೇಳುತ್ತಾರೆ. ಕಾಲೇಜಿಗೆ ಹೋಗುವ ವಯಸ್ಸಿನ ಮಕ್ಕಳು ಜೊತೆಗಿದ್ದರೆ ಈ ಮಾತು ಹೇಳಿ. ಕಮಾನಿನ ಕೆಳಗೆ ಅವರ ಮುಖದ ಭಾವವೇ ಬೇರೆಯಾಗುತ್ತದೆ.

ಫೋಟೋದವರಿಗೆ ಒಂದು ಸೂಚನೆ. ಕಮಾನುಗಳು ಉತ್ತರಕ್ಕಿರುವುದರಿಂದ ಚಳಿಗಾಲದಲ್ಲಿ ಸೂರ್ಯ ದಿನವಿಡೀ ಅವುಗಳ ಬೆನ್ನಿಗೇ ಇರುತ್ತಾನೆ, ಮುಂಭಾಗ ನೆರಳಲ್ಲಿ. ಮನೆಮಂದಿಯನ್ನು ಕಮಾನಿನ ಒಳಗೆ ನಿಲ್ಲಿಸಿ ಬಯಲಿನಿಂದ ತೆಗೆದರೆ ಆಕಾಶ ಬೆಳ್ಳಗೆ, ಮುಖ ಕಪ್ಪಗೆ. ಅವರನ್ನು ಕಮಾನಿನಿಂದ ಮುಂದೆ ಕರೆತಂದು, ಪಕ್ಕದಿಂದ ಬೆಳಕು ಬೀಳುವಂತೆ ನಿಲ್ಲಿಸಿ.

ಹತ್ತಿರದಲ್ಲೇ ಸಾತ ಮಂಜಿಲ್. ಹೆಸರು ಏಳು ಅಂತಸ್ತಿನದು; ಈಗ ಉಳಿದಿರುವುದು ಐದು. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದ್ದು. ಈ ಅರಸ 1580ರಿಂದ 1627ರವರೆಗೆ ಆಳಿದ. ಸಂಗೀತದ ಹುಚ್ಚಿನವ, ಜನ ಜಗದ್ಗುರು ಬಾದಶಹ ಎಂದು ಕರೆದರು. ಅವನ ವಿಲಾಸದ ಅರಮನೆ ಎಂದು ಇದನ್ನು ಹೇಳುತ್ತಾರೆ. ಒಳಗೆ ಹತ್ತುವ ಗೋಜಿಗೆ ಹೋಗಬೇಡಿ, ಹೊರಗಿನಿಂದಲೇ ನೋಡಿ. ನೋಡಬೇಕಾದದ್ದು ಗೋಡೆಗಳಲ್ಲಿ ಹುದುಗಿರುವ ನೀರಿನ ಕೊಳವೆಗಳನ್ನು. ಮೇಲಿನ ಅಂತಸ್ತುಗಳಿಗೂ ನೀರು ಏರಿಸಿ ತೊಟ್ಟಿಗಳನ್ನು ತುಂಬಿಸುತ್ತಿದ್ದರು. ಎದುರಿಗೇ ಜಲ ಮಂಜಿಲ್ ಎಂಬ ಪುಟ್ಟ ಮಂಟಪ. ಸುತ್ತ ನೀರು ನಿಲ್ಲಿಸಲು ಮಾಡಿದ ಹೊಂಡ, ನಡುವೆ ಕಲ್ಲಿನ ಬೋದಿಗೆ (ಮೇಲಿನ ಭಾರ ಹೊರುವ ಚಾಚು), ಕಲ್ಲಿನ ಛಾವಣಿಯಂಚು, ಮೇಲೆ ಸಣ್ಣ ಗುಮ್ಮಟ. ಇಡೀ ಅರಕಿಲ್ಲೆಯಲ್ಲಿ ಕೈಕೆಲಸ ಹತ್ತಿರದಿಂದ ನೋಡಲು ಇಷ್ಟು ಅನುಕೂಲದ ಕಟ್ಟಡ ಇನ್ನೊಂದಿಲ್ಲ. ರಸ್ತೆಯ ಪಕ್ಕದಲ್ಲೇ ಇರುವುದರಿಂದ ಜನ ನೋಡದೆ ದಾಟಿಬಿಡುತ್ತಾರೆ. ಆನಂದ ಮಹಲು, ಚೀನಿ ಮಹಲುಗಳಲ್ಲಿ ಕಚೇರಿಗಳಿವೆ. ಹೊರಗಿನಿಂದ ನೋಡಿಕೊಂಡು ಮುಂದೆ ಸಾಗಬಹುದು.

ಈ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಬುತ್ತಿ ಬಿಚ್ಚಿ ಕೂತಾಗ ತಾನಾಗಿಯೇ ಬರುತ್ತದೆ. ಊರಿಗೆ ನದಿಯಿಲ್ಲ, ಕೃಷ್ಣೆ ದೂರ, ಡೋಣಿ ಉಪ್ಪುನೀರಿನ ಹೊಳೆ. ಪಡುವಣದ ತೊರವೆಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ಉದ್ದಕ್ಕೂ ಗಾಳಿಬಾವಿಗಳನ್ನು ತೋಡಿ, ಇಳಿಜಾರಿನ ಮೇಲೆಯೇ ನೀರು ತಂದರು. ಆಮೇಲೆ ದಕ್ಷಿಣಕ್ಕೆ 1651ರಲ್ಲಿ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರೊಳಗೆ ಹಾಯಿಸಿದರು. ಮಣ್ಣಿನ ಕೊಳವೆಯಲ್ಲಿ ಇಳಿಜಾರಿನ ನೀರು ಬಂದರೆ ಒತ್ತಡ ಕೂಡಿ ಕೊಳವೆ ಒಡೆಯುತ್ತದೆ, ರಾಡಿ ಕೂತು ಕಟ್ಟಿಕೊಳ್ಳುತ್ತದೆ. ಎರಡಕ್ಕೂ ಒಂದೇ ಪರಿಹಾರ ಮಾಡಿದ್ದರು: ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಚೌಕ ಗೋಪುರಗಳು. ನೀರು ಗೋಪುರದೊಳಗೆ ಮೇಲಕ್ಕೇರಿ ಒತ್ತಡ ಕಳೆದುಕೊಳ್ಳುತ್ತದೆ, ರಾಡಿ ತಳದಲ್ಲಿ ನಿಲ್ಲುತ್ತದೆ, ತಿಳಿ ನೀರು ಮುಂದಿನ ಕೊಳವೆಗೆ ಇಳಿಯುತ್ತದೆ. ಊರಲ್ಲಿ ಓಡಾಡುವಾಗ ಮನೆಗಳ ನಡುವೆ ಕಿಟಕಿಯಿಲ್ಲದ, ಬಾಗಿಲಿಲ್ಲದ ಎತ್ತರದ ಕಲ್ಲುಗೋಪುರ ಕಂಡರೆ ಅದು ಬಹುತೇಕ ಗಂಜೇ. ಮಕ್ಕಳಿಗೆ ಅವುಗಳನ್ನು ಹುಡುಕುವ ಕೆಲಸ ಕೊಡಿ.

ಊಟಕ್ಕೆ ಗಗನ ಮಹಲಿನ ಮುಂದಿನ ಬಯಲಿನ ಮರದ ನೆರಳು ಸಾಕು. ರೊಟ್ಟಿಯ ಚೂರು, ಪ್ಲಾಸ್ಟಿಕ್ ಏನೂ ಬಿಡಬೇಡಿ. ಬಿಟ್ಟರೆ ಮರುಕ್ಷಣ ನಾಯಿ, ಮಂಗ ಬಂದು ಸೇರುತ್ತವೆ. ಮುತ್ಯಾ, ಆಯಿ ಜೊತೆಗಿದ್ದರೆ ಒಂದೂವರೆಯಿಂದ ಮೂರರವರೆಗೆ ವಸತಿಗೃಹದಲ್ಲಿ ಮಲಗಲಿ. ಈ ವಿಶ್ರಾಂತಿ ತಪ್ಪಿಸಿದರೆ ಸಂಜೆ ಬಾರಾ ಕಮಾನದ ಮೆಟ್ಟಿಲಲ್ಲಿ ಕೂತವರು ಏಳುವುದಿಲ್ಲ.

ಮೂರೂವರೆಗೆ ಆಸಾರ ಮಹಲು. ಇದು ಅರಕಿಲ್ಲೆಯ ಗೋಡೆಯ ಹೊರಗೆ, ಪೂರ್ವಕ್ಕೆ, ಕಂದಕದ ಆಚೆ ದಡದಲ್ಲಿದೆ. ಒಂದು ಕಾಲಕ್ಕೆ ಸೇತುವೆ ಇದನ್ನು ಅರಮನೆಗೆ ಕೂಡಿಸಿತ್ತು. ಮುಹಮ್ಮದ್ ಆದಿಲಶಹ 1646ರ ಸುಮಾರಿಗೆ ನ್ಯಾಯ ಹೇಳಲು ಕಟ್ಟಿಸಿದ ಮನೆ. ಆಮೇಲೆ ಪ್ರವಾದಿಯವರ ಪವಿತ್ರ ಕೇಶವನ್ನು ಇಲ್ಲಿ ಇರಿಸಿದ್ದರಿಂದ ಪೂಜ್ಯ ಸ್ಥಳವಾಯಿತು. ಪೂರ್ವಕ್ಕೆ ಇಡೀ ಮುಂಭಾಗ ತೆರೆದಿದೆ. ಮಾಳಿಗೆಯನ್ನು ಹೊತ್ತು ನಿಂತಿರುವುದು ಸಾಗವಾನಿಯ ನಾಲ್ಕು ಭಾರಿ ಕಂಬಗಳು. ಗಗನ ಮಹಲಿನ ಮರ ಹೋಗಿ ಕಲ್ಲು ಉಳಿದಿದೆ, ಇಲ್ಲಿ ಮರವೂ ಉಳಿದಿದೆ. ಬೆಳಿಗ್ಗೆ ಕಂಡ ಗೋಡೆಯ ತೂತುಗಳಲ್ಲಿ ಎಂಥ ತೊಲೆಗಳು ಕೂತಿದ್ದವು ಎಂಬುದನ್ನು ಕಣ್ಣಾರೆ ನೋಡುವುದಕ್ಕೇ ಇದನ್ನು ಊಟದ ನಂತರ ಇಟ್ಟುಕೊಳ್ಳಬೇಕು. ಮುಂದೆ ದೊಡ್ಡ ಚೌಕ ಹೊಂಡ. ಅಂಚಿಗೆ ತಡೆ ಇಲ್ಲದ ಕಡೆ ಸಣ್ಣವರ ಕೈ ಬಿಡಬೇಡಿ. ಇದು ಭಕ್ತಿಯ ಜಾಗ. ಚಪ್ಪಲಿ, ತಲೆವಸ್ತ್ರ, ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಅಲ್ಲಿದ್ದವರನ್ನು ಕೇಳಿ ಅವರು ಹೇಳಿದಂತೆ ನಡೆಯಿರಿ.

ಐದಕ್ಕೆ ಬಾರಾ ಕಮಾನ. ಎರಡನೆಯ ಅಲಿ ಆದಿಲಶಹ ತನಗಾಗಿ ಎಬ್ಬಿಸಿದ ಗೋರಿ. 1672ರಲ್ಲಿ ಅವನು ತೀರಿಕೊಂಡಾಗ ಕೆಲಸ ಅಲ್ಲಿಗೇ ನಿಂತಿತು. ಎತ್ತರದ ಜಗತಿಯ ಮೇಲೆ ಕರಿಕಲ್ಲಿನ ಕಮಾನುಗಳು ಮಾಳಿಗೆಯಿಲ್ಲದೆ ಸಾಲುಸಾಲಾಗಿ ನಿಂತಿವೆ, ನಡುವೆ ಸಮಾಧಿ. ಮುಗಿದ ಕಟ್ಟಡದಲ್ಲಿ ಗಾರೆಯ ಒಳಗೆ ಅಡಗಿಹೋಗುವುದೆಲ್ಲ ಇಲ್ಲಿ ಬಯಲಾಗಿದೆ: ಕಮಾನಿನ ಕಲ್ಲುಗಳು ಒಂದಕ್ಕೊಂದು ಹೇಗೆ ಒರಗಿವೆ, ಎರಡು ಕಮಾನುಗಳ ಭಾರ ಒಂದೇ ಕಂಬಕ್ಕೆ ಎರಡು ಕಡೆಯಿಂದ ಬಂದು ಹೇಗೆ ಸರಿದೂಗುತ್ತದೆ, ಸಾಲಿನ ಕೊನೆಯ ಕಂಬವನ್ನು ಯಾಕೆ ದಪ್ಪ ಮಾಡಬೇಕು. ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ ಉಳಿದವರಿಗೆ ವಿವರಿಸುವ ಜವಾಬ್ದಾರಿ ಅವರದು. ಪಡುವಣ ಬಿಸಿಲು ಕಮಾನುಗಳ ಸಂದಿಯಲ್ಲಿ ಹಾದು ಬರುವ ಈ ಹೊತ್ತು ಫೋಟೋಕ್ಕೂ ಒಳ್ಳೆಯದು.

ರಾತ್ರಿಯ ಊಟ ಖಾನಾವಳಿಯಲ್ಲೇ ಆಗಲಿ. ಗಾಂಧಿ ಚೌಕದ ಸುತ್ತಮುತ್ತ ಸಾಕಷ್ಟಿವೆ. ಬಿಸಿ ರೊಟ್ಟಿ, ಮಡಕಿಕಾಳು ಪಲ್ಯ, ಝುಣಕ, ಮೊಸರು. ಏಳೂವರೆಗೇ ಹೋಗಿ; ಒಂಬತ್ತರ ಮೇಲೆ ಪಲ್ಯ ಖಾಲಿಯಾಗಿರುತ್ತದೆ.

ಎರಡನೆಯ ದಿನ: ಗುಮ್ಮಟದಿಂದ ಬುರುಜಿಗೆ

ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಟಿಕೆಟ್ಟು ಪುರಾತತ್ವ ಇಲಾಖೆಯದು; ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬೇಕಿಲ್ಲ. ನಾಷ್ಟಾ ಆಮೇಲೆ. ಹೊಟ್ಟೆ ತುಂಬ ಇಡ್ಲಿ ತಿಂದು ಆ ಮೆಟ್ಟಿಲು ಹತ್ತಲಾಗದು.

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಹನ ಗೋರಿ ಇದು. ಒಂದೇ ಕೋಣೆ, ನೆಲ 18,000 ಚದರಡಿಗೂ ಹೆಚ್ಚು, ನಡುವೆ ಒಂದು ಕಂಬವೂ ಇಲ್ಲ. ಗುಮ್ಮಟದ ಒಳ ಅಗಲ ಸುಮಾರು 124 ಅಡಿ, ಬುಡದಲ್ಲಿ ಗೋಡೆಯ ದಪ್ಪ ಹತ್ತು ಅಡಿ. ಹತ್ತುವ ಮೊದಲು ನಡುವೆ ನಿಂತು ತಲೆಯೆತ್ತಿ ನೋಡಿ: ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂತದ್ದು ಎಂಟು ಕಮಾನುಗಳ ಬಲದ ಮೇಲೆ. ಒಂದನ್ನೊಂದು ಹಾದುಹೋಗುವ ಈ ಕಮಾನುಗಳು ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ ಹೆಣೆದುಕೊಂಡಿವೆ. ಅವು ಒಳಕ್ಕೆ ಚಾಚಿ ಹಿಡಿದ ಅಂಚಿನ ಭಾರ ಗುಮ್ಮಟದ ಹೊರದೂಕುವಿಕೆಗೆ ಎದುರು ನಿಲ್ಲುತ್ತದೆ. ಅದೇ ಅಂಚು ಮೇಲೆ ಪಿಸುಮಾತಿನ ಮೊಗಸಾಲೆಯಾಗಿದೆ.

ಮೂಲೆಯ ಗೋಪುರಗಳೊಳಗೆ ಮೆಟ್ಟಿಲು, ಏಳು ಅಂತಸ್ತು. ಮೆಟ್ಟಿಲು ಎತ್ತರ, ಇಕ್ಕಟ್ಟು, ಹತ್ತುವವರೂ ಇಳಿಯುವವರೂ ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮೊಣಕಾಲು ನೋವಿನವರು ಕೆಳಗೇ ಉಳಿಯಲಿ. ಹತ್ತುವುದಕ್ಕಿಂತ ಇಳಿಯುವುದು ಅವರಿಗೆ ಕಷ್ಟ. ಐದು ವರ್ಷದೊಳಗಿನ ಮಗುವನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆ ಹತ್ತಿ, ಇಳಿಯುವಾಗ ದೊಡ್ಡವರು ಮುಂದೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ.

ಮೊಗಸಾಲೆಯಲ್ಲಿ ಹೆಚ್ಚಿನವರು ಉದ್ದಕ್ಕೆ ಹೆಸರು ಹಿಡಿದು ಕೂಗಿ, ಬರೀ ಗುಂಯ್ ಎಂಬ ಸದ್ದು ಕೇಳಿ ನಿರಾಸೆಯಾಗುತ್ತಾರೆ. ಕಾರಣ ಸರಳ. ಸದ್ದು ಎದುರು ಗೋಡೆಗೆ ಹೋಗಿ ತಿರುಗಿ ಬರಲು ಸುಮಾರು 76 ಮೀಟರ್ ದಾರಿ, ಒಂದು ಸೆಕೆಂಡಿನ ಕಾಲು ಭಾಗಕ್ಕಿಂತ ತುಸು ಕಡಿಮೆ ಹೊತ್ತು. ಕೂಗು ಅದಕ್ಕಿಂತ ಉದ್ದವಾದರೆ ಮರುದನಿ ಕೂಗಿನ ಮೇಲೆಯೇ ಬಿದ್ದು ಕಲಸಿಹೋಗುತ್ತದೆ. ಒಂದೇ ಒಂದು ಚಪ್ಪಾಳೆ ತಟ್ಟಿ ಸುಮ್ಮನಿರಿ. ಒಂದರ ಹಿಂದೊಂದು ಮರುದನಿ ಬಿಡಿಬಿಡಿಯಾಗಿ ಕೇಳುತ್ತದೆ. ಪಿಸುಮಾತಿಗೆ ಕ್ರಮ ಬೇರೆ: ಒಬ್ಬರು ಗೋಡೆಗೆ ಮುಖವಿಟ್ಟು ಮೆಲ್ಲಗೆ ಮಾತಾಡಬೇಕು, ಇನ್ನೊಬ್ಬರು ನೇರ ಎದುರು ದಿಕ್ಕಿನಲ್ಲಿ ಗೋಡೆಗೆ ಕಿವಿಗೊಟ್ಟು ಕೂರಬೇಕು. ಸದ್ದು ಗೋಡೆಯ ಬಾಗುವಿಕೆಯನ್ನು ಹಿಡಿದುಕೊಂಡೇ ಸುತ್ತಿ ಬರುತ್ತದೆ. ಒಳ ಅಂಚಿನ ಕಟಾಂಜನದ (ತಡೆಯ) ಕಡೆ ತಿರುಗಿ ಮಾತಾಡಿದರೆ ನಡುವಿನ ಬಯಲಿಗೆ ಹೋಗಿ ಕಳೆದುಹೋಗುತ್ತದೆ. ಕಾಗದ ಹರಿಯುವ ಸದ್ದೂ ಎದುರಿಗೆ ಕೇಳುತ್ತದೆ, ಜನ ಕಡಿಮೆಯಿದ್ದರೆ ಮಾತ್ರ.

ಇಳಿದ ಮೇಲೆ ಮುಂದಿನ ನಗಾರಖಾನೆಯಲ್ಲಿರುವ (ನಗಾರಿ ಬಾರಿಸುತ್ತಿದ್ದ ಕಟ್ಟಡ) ವಸ್ತುಸಂಗ್ರಹಾಲಯ. ಶಾಸನ, ವೀರಗಲ್ಲು, ಜೈನ ಮೂರ್ತಿ, ಆದಿಲಶಾಹಿ ಕಾಲದ ಹಸ್ತಪ್ರತಿ, ಆಯುಧ. ಮುಕ್ಕಾಲು ಗಂಟೆ ಸಾಕು.

ಅರಕಿಲ್ಲೆಯ ಕಡೆ ಮರಳುವ ದಾರಿಯಲ್ಲಿ ಜಾಮಿಯಾ ಮಸೀದಿ. ತಾಳಿಕೋಟೆಯ 1565ರ ಯುದ್ಧದ ನಂತರ ಒಂದನೆಯ ಅಲಿ ಶುರು ಮಾಡಿಸಿದ. ಒಳಗಿನ ನೆಲದಲ್ಲಿ 2,250 ಜನ ನಮಾಜಿಗೆ ಕೂರುವಂತೆ ಒಬ್ಬೊಬ್ಬರಿಗೆ ಒಂದೊಂದು ಚೌಕ ಗುರುತು; ಅವನ್ನು ಹಾಕಿಸಿದ್ದು ಔರಂಗಜೇಬ. ಬಿಳಿಯ ಕಮಾನುಗಳ ಸಾಲು ನೋಡುವ ಕಣ್ಣಿಗೆ ತಂಪು, ನೆರಳಂತೂ ಹೇರಳ. ನಮಾಜಿನ ಹೊತ್ತು ಬಿಟ್ಟು ಹೋಗಿ. ಮುಂದೆ ಮೆಹತರ ಮಹಲು. ಹೆಸರು ಮಹಲಾದರೂ ಒಂದು ಸಣ್ಣ ಮಸೀದಿಯ ಹೆಬ್ಬಾಗಿಲು ಇದು. ರಸ್ತೆಯ ಮೇಲೆ ಚಾಚಿದ ಅದರ ಕಲ್ಲಿನ ಗವಾಕ್ಷಿಯ ಅಡಿಯ ಬೋದಿಗೆಗಳನ್ನು ಮರ ಕೆತ್ತಿದಂತೆ ಕೆತ್ತಿದ್ದಾರೆ.

ಊಟ, ನಿದ್ದೆ ಮುಗಿಸಿ ಮೂರಕ್ಕೆ ನೇರ ಇಬ್ರಾಹಿಂ ರೋಜಾಕ್ಕೆ, ಪಡುವಣ ಕೋಟೆಗೋಡೆಯ ಹೊರಗೆ. ಟಿಕೆಟ್ಟು ಇರುವ ಜಾಗವಾದ್ದರಿಂದ ಮೊದಲು ಇದು, ಬುರುಜು ಆಮೇಲೆ. ಎರಡನೆಯ ಇಬ್ರಾಹಿಂ ತನ್ನ ರಾಣಿ ತಾಜ್ ಸುಲ್ತಾನಳಿಗೆಂದು ಕಟ್ಟಿಸಿದ್ದು. 1627ರಲ್ಲಿ ತಾನೇ ಮೊದಲು ಹೋದ. ಕಟ್ಟಿದವ ಮಲಿಕ್ ಸಂದಲ್. ಒಂದೇ ಜಗತಿಯ ಮೇಲೆ ಎದುರುಬದುರು ಗೋರಿ, ಮಸೀದಿ, ನಡುವೆ ಕಾರಂಜಿಯ ಹೊಂಡ. ಕಾಲುಚೀಲ ಹಾಕಿಕೊಳ್ಳಿ. ಗುಮ್ಮಟದ ಬಲ ಗಾತ್ರದಲ್ಲಿದೆ, ಇದರ ಬಲ ಕುಸುರಿಯಲ್ಲಿ. ಗೋರಿಯ ಕೋಣೆಯ ಕಿಟಕಿಗಳ ಜಾಲಂಧ್ರವನ್ನು ಅರೇಬಿಕ್ ಅಕ್ಷರಗಳಿಂದಲೇ ಕೊರೆದಿದ್ದಾರೆ. ಅಕ್ಷರಗಳ ಸಂದಿಯಲ್ಲಿ ಬೆಳಕು ಒಳಗೆ ಬರುತ್ತದೆ. ಒಳಗೆ ತಲೆಯೆತ್ತಿದರೆ ಕಂಬವಿಲ್ಲದ, ಚಪ್ಪಟೆಯಾದ ಕಲ್ಲಿನ ಮಾಡು. ಹಾಸುಗಲ್ಲುಗಳನ್ನು ಅಂಚಿಗೆ ಅಂಚು ಕೂಡಿಸಿ, ಗಟ್ಟಿ ಗಾರೆಯ ಹಿಡಿತದಲ್ಲಿ ತೂಗಿದ ಮಾಡು ಅದು. ನನ್ನ ಮಟ್ಟಿಗೆ ವಿಜಯಪುರದ ಅತ್ಯುತ್ತಮ ಕಟ್ಟಡ ಇದೇ. ಒಂದು ಗಂಟೆ ಕೊಡಿ.

ಮೆಕ್ಕಾ ಬಾಗಿಲಿನಿಂದ ಒಳಗೆ ಬಂದರೆ ತಾಜ ಬಾವಡಿ, 1620ರದು. ಎರಡು ಕಡೆ ಗೋಪುರ, ನಡುವೆ ದೊಡ್ಡ ಕಮಾನು, ಅದರಡಿಯಿಂದ ಮೆಟ್ಟಿಲು ನೀರಿಗಿಳಿಯುತ್ತದೆ. ಐದು ನಿಮಿಷ ನಿಂತು ನೋಡಿ. ಮೆಟ್ಟಿಲು ಪಾಚಿಗಟ್ಟಿರುವ ಕಡೆ ಯಾರೂ ಇಳಿಯಬಾರದು.

ಆಮೇಲೆ ಶೇರ್ಜಾ ಬುರುಜಿನ ಮೇಲೆ ಮುಲ್ಕ ಮೈದಾನ ತೋಪು. ಈ ಹೊರಕೋಟೆ ಸುಮಾರು ಹತ್ತು ಕಿಲೋಮೀಟರ್ ಸುತ್ತು, 96 ಬುರುಜು. ತೋಪು 1549ರಲ್ಲಿ ಅಹ್ಮದ್‌ನಗರದ ನಿಜಾಮಶಾಹಿಗಾಗಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ಪರಾಂಡೆಯ ಕೋಟೆಯಿಂದ 1632ರಲ್ಲಿ ಇಲ್ಲಿಗೆ ತಂದರು. ಹತ್ತು ಆನೆ, ನಾನೂರು ಎತ್ತು ಎಳೆದವು ಎಂಬ ಮಾತಿದೆ. ಉದ್ದ 14 ಅಡಿ ದಾಟುತ್ತದೆ, ತೂಕ 55 ಟನ್, ಬಾಯಿಯ ಅಗಲ 2 ಅಡಿ 4 ಅಂಗುಲ. ಬಾಯಿ ಸಿಂಹದ್ದು, ಅದರ ಹಲ್ಲಿನ ನಡುವೆ ಸಿಕ್ಕಿದ ಆನೆಯನ್ನು ಮಕ್ಕಳಿಗೆ ತೋರಿಸಿ. ಲೋಹ ತಾಮ್ರ ನಾಲ್ಕು ಪಾಲು, ತವರ ಒಂದು ಪಾಲಿನಂತೆ, ಗಂಟೆ ಎರೆಯುವ ಕಂಚು. ಅದಕ್ಕೇ ತಟ್ಟಿದರೆ ನಾದ ಬರುವುದು. ಅಂಗೈಯಿಂದ ತಟ್ಟಿದರೆ ಸಾಕು. ಕಲ್ಲು, ನಾಣ್ಯದಿಂದ ಬಡಿದರೆ ಶಾಸನದ ಅಕ್ಷರ ಸವೆಯುತ್ತವೆ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ; ಪುಣ್ಯಕ್ಕೆ ಮಾರಾಟ ರದ್ದಾಯಿತು.

ಕೊನೆಗೆ ಅಲ್ಲೇ ಹತ್ತಿರದ ಉಪಲಿ ಬುರುಜು. ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಮೈಯನ್ನು ಸುತ್ತಿಕೊಂಡು ಏರುತ್ತದೆ. ಹೊರಗಿನ ಅಂಚಿನಲ್ಲಿ ಮಕ್ಕಳನ್ನು ನಡೆಸಬೇಡಿ, ಗೋಡೆಯ ಕಡೆ ಇರಲಿ. ಮೇಲೆ ಎರಡು ಕಬ್ಬಿಣದ ತೋಪು. ಉದ್ದದ್ದು 30 ಅಡಿ ಮೀರುತ್ತದೆ. ಈ ಎತ್ತರದಿಂದ ಪೂರ್ವಕ್ಕೆ ಗುಮ್ಮಟ, ಪಡುವಣಕ್ಕೆ ರೋಜಾದ ಮಿನಾರ, ನಡುವೆ ಅರಕಿಲ್ಲೆ. ಎರಡು ದಿನ ನಡೆದದ್ದೆಲ್ಲ ಒಂದೇ ನಕ್ಷೆಯಾಗಿ ಕಾಣುತ್ತದೆ; ಗಗನ ಮಹಲಿನ ಜಾಗ ಗುರುತಿಸಿ, ಅಲ್ಲಿಂದ ಉಳಿದವುಗಳ ದಿಕ್ಕು ಹೇಳುವಂತೆ ಮಕ್ಕಳನ್ನು ಕೇಳಿ. ಕತ್ತಲಾಗುವ ಮೊದಲೇ ಇಳಿಯಬೇಕು, ಮೆಟ್ಟಿಲಿಗೆ ದೀಪವಿಲ್ಲ.

ಇಲ್ಲಿಂದ ಬಸ್ ನಿಲ್ದಾಣ ಆಟೋಗೆ ಹತ್ತಿರ. ರೈಲಿಗೆ ಹೋಗುವವರು ಮಾತ್ರ ಒಂದು ಗಂಟೆ ಮೊದಲೇ ಹೊರಡಿ. ನಿಲ್ದಾಣ ಊರಿನ ಇನ್ನೊಂದು ತುದಿ, ಸಂಜೆಯ ಗಾಂಧಿ ಚೌಕ ದಾಟುವುದೇ ತಡ. ಕಾರಿನವರು ಕೋಲ್ಹಾರದಲ್ಲಿ ನಿಲ್ಲಿಸಿ ಗಡಿಗೆಯ ಕೆನೆಮೊಸರು ಕೊಳ್ಳಬಹುದು. ಗಡಿಗೆಯನ್ನು ಡಿಕ್ಕಿಯಲ್ಲಿ ಇಟ್ಟರೆ ಸೇತುವೆ ದಾಟುವಷ್ಟರಲ್ಲಿ ವಾಲಿ ಚೆಲ್ಲುತ್ತದೆ; ಸೀಟಿನ ಕೆಳಗೆ, ಎರಡು ಚೀಲಗಳ ನಡುವೆ ಒತ್ತಿ ನೆಟ್ಟಗೆ ಕೂರಿಸಿ.